ಹೊಸಬರ ರಕ್ಷಣೆ: ಮೂರು ದಿನದ ಕವಚ ಬೇಡ

ನಿಮ್ಮ ಪ್ರಶ್ನೆ ಓದಿದೆ. ನೀವು ನಡೆಸೋದು ಸರ್ವೈವಲ್ ಸರ್ವರ್, ಅಂದರೆ ಅದಿರು, ಮರ ಕೂಡಿಸಿಕೊಂಡು ಬದುಕುಳಿಯಬೇಕಾದ, ಒಬ್ಬರನ್ನೊಬ್ಬರು ಕೊಂದು ದೋಚಬಹುದಾದ ಆನ್‌ಲೈನ್ ಆಟ. ಹೊಸಬರು ಎರಡನೇ ದಿನಕ್ಕೇ ನಾಪತ್ತೆ. ಕಾಳಗವೇ ಇಲ್ಲದ ಸೇಫ್ ಝೋನ್ ಇಡೋಣ ಅಂದರೆ ಹಳಬರು "ಆಟ ಸಪ್ಪೆಯಾಗುತ್ತೆ" ಅಂತ ಜಗಳಕ್ಕೆ ಬರ್ತಾರೆ. ಅದಕ್ಕೇ ಹೊಸ ಅಕೌಂಟಿಗೆ ಮೂರು ದಿನ ಯಾರೂ ಹೊಡೆಯಲಾಗದ ಕವಚ ಕೊಡೋಣ ಅಂತಿದ್ದೀರಿ. ದಯವಿಟ್ಟು ಅದೊಂದು ಬೇಡ. ನಾನು ಮಾಡಿ ಕೈಸುಟ್ಟುಕೊಂಡವನು.

ನನ್ನ ಸರ್ವರ್‌ನಲ್ಲಿ ಇದೇ 72 ಗಂಟೆಯ ಕವಚ ಇತ್ತು. ಒಂದು ವಾರ ಕಳೆಯೋದರೊಳಗೆ ಹಳಬರು ಎರಡನೇ ಅಕೌಂಟ್ ತೆರೆದು, ಅದರಲ್ಲೇ ಅದಿರು ಸಾಗಿಸೋಕೆ ಶುರು ಮಾಡಿದರು. ಎದುರಾಳಿ ಗಿಲ್ಡಿನ (ಆಟಗಾರರ ತಂಡದ) ಅಂಗಳದಲ್ಲೇ ಮೂಟೆ ಹೊತ್ತು ನಡೀತಿದ್ರು, ಬಾಣ ಬಿಟ್ಟರೆ ತಾಗೋದಿಲ್ಲ! ನಿಜವಾದ ಹೊಸಬರ ಪಾಡು ಇನ್ನೂ ಕೆಟ್ಟದ್ದು. ಮೂರು ದಿನ ಬಾಗಿಲಿಗೆ ಅಗುಳಿ ಹಾಕದೆ ಮಲಗಿ ರೂಢಿಯಾದವರು ನಾಲ್ಕನೇ ದಿನ ಲಾಗಿನ್ ಆಗಿ ನೋಡಿದರೆ ಮನೆಯೇ ಇಲ್ಲ.

ಆಮೇಲೆ ಹೊಳೆದಿದ್ದು ಇಷ್ಟೇ: ಕವಚವನ್ನು ಆಟಗಾರನಿಗೆ ಕೊಡಬಾರದು, ಜಾಗಕ್ಕೆ ಕೊಡಬೇಕು. ಗಡಿ ಕಣ್ಣಿಗೆ ಕಾಣಬೇಕು, ದಾಟೋದು ಅವನ ಇಷ್ಟ. ಹೊಸಬ ಸತ್ತಿದ್ದಕ್ಕೆ ಬಿಟ್ಟು ಹೋಗೋದಿಲ್ಲ. ಏನನ್ನು ಪಣಕ್ಕಿಟ್ಟಿದ್ದೇನೆ ಅಂತಲೇ ಗೊತ್ತಿಲ್ಲದೆ ಎಲ್ಲ ಕಳೆದುಕೊಂಡಿದ್ದಕ್ಕೆ ಹೋಗ್ತಾನೆ. ಆಲ್ಬಿಯನ್ ಆನ್‌ಲೈನ್ ಅನ್ನೋ ಆಟ ಇದನ್ನು ಬಣ್ಣದಲ್ಲೇ ಹೇಳಿಬಿಡುತ್ತೆ. ಹಳದಿ ವಲಯದಲ್ಲಿ ಇನ್ನೊಬ್ಬನ ಕೈಲಿ ಸೋತರೆ ನೆಲಕ್ಕುರುಳ್ತೀರಿ, ಸರಂಜಾಮು ಉಳಿಯುತ್ತೆ. ಕೆಂಪು, ಕಪ್ಪು ವಲಯದಲ್ಲಿ ಸತ್ತರೆ ಮೈಮೇಲಿದ್ದದ್ದು ಹೋಯ್ತು. ಬಾಹ್ಯಾಕಾಶದ ಆಟ ಈವ್ ಆನ್‌ಲೈನ್ ಇನ್ನೂ ಚಾಲಾಕಿ. ಅಲ್ಲಿ ಭದ್ರತೆಯ ಅಂಕ 0.5ರಿಂದ 1.0ರ ತನಕ ಇರೋ 'ಸುರಕ್ಷಿತ' ಪ್ರದೇಶದಲ್ಲೂ ನಿಮ್ಮ ಮೇಲೆ ಗುಂಡು ಹಾರಿಸಬಹುದು. ಆಟದೊಳಗಿನ ಪೊಲೀಸರಾದ ಕಾನ್ಕಾರ್ಡ್ ಪಡೆ ತಡೆಯೋದಿಲ್ಲ, ಬಂದು ಹೊಡೆದವನ ಹಡಗನ್ನು ಪುಡಿ ಮಾಡುತ್ತೆ ಅಷ್ಟೆ. ಹಾಗಾಗಿ ನಿಮ್ಮ ಸರಕಿನ ಬೆಲೆ ಅವನ ಹಡಗಿಗಿಂತ ಹೆಚ್ಚಾದ ದಿನ ನೀವು ಬೇಟೆ. ಅದೇ ಹೊತ್ತಿಗೆ, ತೀರಾ ಹೊಸಬರು ಆಟ ಶುರು ಮಾಡೋ ಕೆಲವು ನಕ್ಷತ್ರ ಮಂಡಲಗಳಲ್ಲಿ ಅವರನ್ನು ಕಾಡೋದನ್ನು ಕಂಪನಿಯೇ ನಿಯಮ ಮಾಡಿ ನಿಷೇಧಿಸಿದೆ.

ಹಳಬರ ತಕರಾರಿನಲ್ಲೂ ಹುರುಳಿದೆ, ತಳ್ಳಿಹಾಕಬೇಡಿ. ಅಲ್ಟಿಮಾ ಆನ್‌ಲೈನ್ ಅನ್ನೋ ಆಟ 2000ದಲ್ಲಿ ತನ್ನ ಲೋಕವನ್ನೇ ಎರಡು ಮಾಡಿತು: ಒಪ್ಪಿಗೆಯಿಲ್ಲದೆ ಕೊಲ್ಲಲಾಗದ ಟ್ರಾಮಲ್, ಯಾರು ಯಾರನ್ನಾದರೂ ಕೊಲ್ಲಬಹುದಾದ ಹಳೆಯ ಕಾನೂನಿನ ಫೆಲುಕ್ಕಾ. ಜನ ಟ್ರಾಮಲ್‌ಗೆ ಗುಳೆ ಹೋದರು. ಅಪಾಯದ ಕಡೆ ಹೋಗೋಕೆ ಒಂದು ಆಸೆ ಬೇಕಲ್ಲ? ಫೆಲುಕ್ಕಾದಲ್ಲಿ ಅದಿರು, ಮರ ದುಪ್ಪಟ್ಟು ಸಿಗುವಂತಾಗಿದ್ದು, ಕೌಶಲದ ಮಿತಿ ಏರಿಸೋ ಪವರ್ ಸ್ಕ್ರೋಲ್ ಅಲ್ಲೇ ಸಿಗುವಂತಾಗಿದ್ದು ಅದಕ್ಕೇ. ರೂನ್‌ಸ್ಕೇಪ್ ಆಟದವರು 2007ರ ಡಿಸೆಂಬರ್‌ನಲ್ಲಿ ವೈಲ್ಡರ್‌ನೆಸ್ ಅನ್ನೋ ಅಪಾಯದ ಪ್ರದೇಶದ ಮುಕ್ತ ಕಾಳಗವನ್ನೇ ತೆಗೆದರು, 2011ರಲ್ಲಿ ಆಟಗಾರರ ಮತ ಕೇಳಿ ವಾಪಸ್ ತಂದರು. ಇವುಗಳಲ್ಲಿ ಇತ್ತೀಚಿನದು ಕಡಲುಗಳ್ಳರ ಆಟ ಸೀ ಆಫ್ ಥೀವ್ಸ್: 2023ರ ಕೊನೆಗೆ ಬಂದ ಸೇಫರ್ ಸೀಸ್ ಅನ್ನೋ ಬಗೆಯ ಆಟದಲ್ಲಿ ಬೇರೆ ಹಡಗಿನವರ ಕಾಟವಿಲ್ಲ, ಆದರೆ ಅದು ಶುರುವಾದಾಗ ಚಿನ್ನ ಸಿಗುತ್ತಿದ್ದದ್ದು ಮಾಮೂಲಿಯ 30 ಶೇಕಡಾ ಮಾತ್ರ.

ನಿಮ್ಮ ಸರ್ವರ್‌ಗೆ ನಾನು ಮಾಡೋದಾದರೆ, ನಡುವಿನ ಊರು ಮತ್ತು ಸುತ್ತಲಿನ ಕಾಡು ಸುರಕ್ಷಿತ. ಅಲ್ಲಿ ತಾಮ್ರ, ಕಬ್ಬಿಣದ ತನಕ ಮಾತ್ರ ಸಿಗಲಿ. ಹಳಬ ಅಲ್ಲೇ ಕೂತು ಶ್ರೀಮಂತನಾಗಬಾರದು, ಹೊಸಬನಿಗೆ ಒಂದು ಸೆಟ್ ಆಯುಧ ಮಾಡಿಕೊಳ್ಳೋಕೆ ಸಾಕಾಗಬೇಕು. ಗಡಿಯಾಚೆ ಒಂದು ಪಟ್ಟಿಯಷ್ಟು ಜಾಗದಲ್ಲಿ ಸತ್ತರೆ ಚೀಲದಲ್ಲಿದ್ದದ್ದು ಹೋಗಲಿ, ತೊಟ್ಟಿದ್ದು ಉಳಿಯಲಿ. ಅದಕ್ಕೂ ಆಚೆ ಎಲ್ಲವೂ ಪಣಕ್ಕೆ, ಒಳ್ಳೆಯ ಅದಿರೆಲ್ಲ ಅಲ್ಲೇ. ಈ ನಡುವಿನ ಪಟ್ಟಿಯನ್ನು ಬಹಳ ಜನ ಬಿಟ್ಟುಬಿಡ್ತಾರೆ. ಆಗ ಹೊಸಬ ತೊಟ್ಟಿಲಿಂದ ಎದ್ದು ನೇರ ಕುಸ್ತಿ ಅಖಾಡಕ್ಕೆ ಬಿದ್ದ ಹಾಗಾಗುತ್ತೆ.

ನಷ್ಟವನ್ನು ಚಿನ್ನದಲ್ಲಿ ಅಳೀಬೇಡಿ, ಸಮಯದಲ್ಲಿ ಅಳೆಯಿರಿ. ಸತ್ತವನು ಮೊದಲಿನ ಸ್ಥಿತಿಗೆ ಬರೋಕೆ ಎಷ್ಟು ಹೊತ್ತು ಬೇಕು? ನಡುವಿನ ಪಟ್ಟಿಯಲ್ಲಿ ಅದು ಅರ್ಧ ಗಂಟೆ ಮೀರಿದರೆ ನಾನಂತೂ ಕಡಿಮೆ ಮಾಡ್ತೀನಿ. ಹಾಗೇ ಶುರುವಿನ ಆಯುಧಗಳು ಸತ್ತ ಕ್ಷಣವೇ ಮಾಯವಾಗಲಿ, ಹೆಣದ ಮೇಲೆ ಉಳಿಯೋದು ಬೇಡ. ಹೊಸಬನನ್ನು ಕೊಂದರೆ ಕೈಗೆ ಏನೂ ಹತ್ತೋದಿಲ್ಲ ಅಂತಾದ ಮೇಲೂ ಕೆಲವರು ಮಜಕ್ಕೆ ಕೊಲ್ತಾರೆ. ಅವರಿಗೆ ನಿಯಮ ಸಾಲದು, ನೀವೇ ಮಾತಾಡಬೇಕು.

ಇದೆಲ್ಲಕ್ಕೂ ಮುಂಚೆ ಒಂದು ಕೆಲಸ. ಬಿಟ್ಟುಹೋದವರ ಲಾಗ್ (ಸರ್ವರ್ ಬರೆದಿಟ್ಟ ದಾಖಲೆ) ತೆಗೆದು, ಪ್ರತಿಯೊಬ್ಬನ ಕೊನೆಯ ಸಾವು ಎಲ್ಲಾಯ್ತು, ಯಾರಿಂದ ಆಯ್ತು ಅಂತ ಮ್ಯಾಪಿನ ಮೇಲೆ ಗುರುತು ಹಾಕಿ. ನಾನು ಹಾಕಿದಾಗ ಚುಕ್ಕೆಗಳೆಲ್ಲ ಒಂದೇ ಸೇತುವೆ ಸುತ್ತ ಗುಂಪಾಗಿದ್ದವು, ಕೊಂದವರು ಎಣಿಸಿ ಮೂರೇ ಜನ. ಊರಿಂದ ಹೊರಗೆ ಹೋಗೋಕೆ ಅದೊಂದೇ ದಾರಿ ಇತ್ತು. ಇನ್ನೆರಡು ದಾರಿ ತೆರೆದೆ, ಆ ಮೂವರು ಎಲ್ಲಿ ಕಾಯಬೇಕು ಅಂತ ತಿಳಿಯದೆ ಗಡಿಯಾಚೆ ಗಣಿ ಕಡೆ ಹೋದರು.