ಸುತ್ತ ಮುಚ್ಚಿದ ಕಾರ್ ಶೆಡ್‌ಗೆ ಯಾವ ಹೀಟರ್ ಹಾಕಿಸಬೇಕು?

ಕಾರ್‌ಪೋರ್ಟಿನ ಮೂರು ಬದಿಗೆ ಶೀಟ್ ಹೊಡೆಸಿ ಮುಂದೆ ಶಟರ್ ಹಾಕಿಸಿದ್ದೀರಿ, ವರ್ಷವಿಡೀ ಅಲ್ಲೇ ಮರಗೆಲಸ ಮಾಡುತ್ತೀರಿ, ರಾತ್ರಿ ಪೆಟ್ರೋಲ್ ಕಾರೂ ಅಲ್ಲೇ ನಿಲ್ಲುತ್ತದೆ. ಗ್ಯಾಸ್ ಹೀಟರೋ, ಸೀಮೆಎಣ್ಣೆಯದೋ, ಕರೆಂಟಿನದೋ ಎಂಬುದು ನಿಮ್ಮ ಪ್ರಶ್ನೆ.

ನಾನು ವೈರಿಂಗ್ ಕೆಲಸದವನು. ಇಂಥ ಶೆಡ್ಡುಗಳಿಗೆ ಲೈನ್ ಎಳೆದುಕೊಟ್ಟ ಅನುಭವದಿಂದ ಹೇಳುವುದಾದರೆ, ಕಾರು ನಿಲ್ಲುವ ಜಾಗದಲ್ಲಿ ಬೆಂಕಿ ಉರಿಯುವ ಹೀಟರೂ ಬೇಡ, ಕಾಯಿಲ್ ಕೆಂಪಗೆ ಕಾಯುವ ಹೀಟರೂ ಬೇಡ. ಗೋಡೆಯ ಮೇಲ್ಭಾಗಕ್ಕೆ ಬಿಗಿದ, ತನ್ನದೇ ಪ್ರತ್ಯೇಕ ಲೈನ್ ಇರುವ ಕರೆಂಟ್ ಹೀಟರ್ ಹಾಕಿಸಿ. ಕೈಯಲ್ಲಿ ದುಡ್ಡಿದ್ದರೆ ಬಿಸಿಗಾಳಿಯನ್ನೂ ಕೊಡುವ ಇನ್ವರ್ಟರ್ ಸ್ಪ್ಲಿಟ್ ಎಸಿ ಇನ್ನೂ ಒಳ್ಳೆಯದು.

ಹೊಗೆ ಹೊರಗೆ ಹೋಗಲು ಪೈಪ್ ಇಲ್ಲದ ಗ್ಯಾಸ್, ಸೀಮೆಎಣ್ಣೆ ಹೀಟರುಗಳು ಉರಿದದ್ದನ್ನೆಲ್ಲ ನೀವು ಉಸಿರಾಡುವ ಗಾಳಿಗೇ ಬಿಡುತ್ತವೆ. ಜಾಗ ಮುಚ್ಚಿದ್ದು ಆಮ್ಲಜನಕ ಕಡಿಮೆಯಾದಂತೆ ಕಾರ್ಬನ್ ಮೊನಾಕ್ಸೈಡ್ ಹೆಚ್ಚುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು ಬಂದಾಗ ದಣಿವು ಎಂದುಕೊಂಡು ಅಲ್ಲೇ ಕೂತುಬಿಡುತ್ತಾರೆ, ಅದೇ ಪ್ರಾಣಕ್ಕೆ ಬರುತ್ತದೆ. ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ: 1 ಕಿಲೋ ಎಲ್‌ಪಿಜಿ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಅದು ತಣ್ಣಗಿನ ಶೀಟಿಗೆ ತಾಗಿ ಹನಿಯಾಗಿ ನಿಮ್ಮ ಉಳಿ, ಗರಗಸಗಳ ಮೇಲೆ ತೊಟ್ಟಿಕ್ಕುತ್ತದೆ.

ಇನ್ನು ಪೆಟ್ರೋಲ್ ಆವಿ. ಅದು ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ, ನೆಲದ ಮೇಲೆ ಹರಡಿಕೊಂಡು ನಿಲ್ಲುತ್ತದೆ. ಕೊರೆಯುವ ಚಳಿಯಲ್ಲೂ ಪೆಟ್ರೋಲ್ ಕಿಡಿಗೆ ಹತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಕಾಯಿಲ್ ಕೆಂಪಗಾಗಬೇಕಾದರೆ ಅದು 500 ಡಿಗ್ರಿಗಿಂತ ಮೇಲಿರಬೇಕು. ಪೆಟ್ರೋಲ್ ಆವಿ ತಾನಾಗಿ ಹೊತ್ತಿಕೊಳ್ಳಲು 300 ಡಿಗ್ರಿಯೂ ಬೇಡ. ಆಯಿಲ್ ತುಂಬಿದ ರೇಡಿಯೇಟರ್ ಅಷ್ಟು ಕಾಯುವುದಿಲ್ಲ ನಿಜ, ಆದರೆ ಅದರ ಥರ್ಮೋಸ್ಟ್ಯಾಟ್ ಆನ್-ಆಫ್ ಆಗುವಾಗ ಸಣ್ಣ ಕಿಡಿ ಹಾರಬಹುದು. ಹಾಗಾಗಿ ಕಾರಿನ ಪಕ್ಕ ನೆಲದ ಮೇಲೆ ಅದನ್ನೂ ಇಡಬೇಡಿ. ಅಮೆರಿಕದ ಕಟ್ಟಡ ನಿಯಮಗಳಲ್ಲಿ ಗ್ಯಾರೇಜಿನೊಳಗೆ ಕಿಡಿ ಹುಟ್ಟುವ ಭಾಗ ನೆಲದಿಂದ ಕನಿಷ್ಠ 18 ಇಂಚು ಮೇಲಿರಬೇಕು ಎಂದಿರುವುದು ಇದಕ್ಕೇ. ಹೀಟರನ್ನು ಹೇಗೂ ಗೋಡೆಗೆ ಬಿಗಿಸುತ್ತೀರಲ್ಲ, ತಲೆಯ ಎತ್ತರಕ್ಕೇ ಬಿಗಿಸಿ. ಪೆಟ್ರೋಲ್ ಕ್ಯಾನ್, ಥಿನ್ನರ್ ಡಬ್ಬಗಳು ಶೆಡ್ಡಿನಿಂದ ಆಚೆಗೇ ಇರಲಿ.

ಎಷ್ಟು ವ್ಯಾಟ್ ಬೇಕು? ಉಷ್ಣ ತಡೆಯುವ ಪದರ ಚೆನ್ನಾಗಿರುವ ಕೋಣೆಗೆ ಚದರ ಮೀಟರಿಗೆ ಸುಮಾರು 100 ವ್ಯಾಟ್ ಎಂದು ಅಂದಾಜು ಹಾಕುತ್ತೇವೆ. ನಿಮ್ಮ 3×6 ಮೀಟರಿನ ಶೆಡ್‌ಗೆ ಅದು 1,800 ವ್ಯಾಟ್. ಬರೀ ಶೀಟ್ ಗೋಡೆಯಾದರೆ ಇದರ ಎರಡರಷ್ಟು ಸುರಿದರೂ ಸಾಲದೇ ಹೋಗಬಹುದು. ಮೊದಲು ಶಟರಿನ ಕೆಳಗಿನ ಸಂದಿ ಮುಚ್ಚಿಸಿ, ಚಾವಣಿಗೆ ರಾಕ್‌ವುಲ್ (ಬಿಸಿ ಹೊರಹೋಗದಂತೆ ತಡೆಯುವ ಕಲ್ಲಿನ ನಾರಿನ ಹಾಸು) ಹಾಕಿಸಿ, ಆಮೇಲೆ ಹೀಟರ್ ಅಳತೆ ನೋಡಿ. ಗಾಳಿ ನುಗ್ಗುವುದು ಪೂರ್ತಿ ನಿಲ್ಲುವುದಿಲ್ಲವೆಂದಾದರೆ ಗಾಳಿ ಕಾಯಿಸುವುದನ್ನು ಬಿಟ್ಟು, ಕೆಲಸದ ಮೇಜಿನ ಮೇಲಕ್ಕೆ ಕೆಂಪಗಾಗದ ಇನ್‌ಫ್ರಾರೆಡ್ ಪ್ಯಾನೆಲ್ ಹಾಕಿಸಿ. ಬಿಸಿ ನೇರವಾಗಿ ನಿಮ್ಮ ಮೈಗೇ ತಾಗುತ್ತದೆ. ಫ್ಯಾನ್ ಇರುವ ಹೀಟರ್ ನಿಮಗೆ ಆಗಿಬರುವುದಿಲ್ಲ, ಮರದ ಹೊಟ್ಟನ್ನು ಒಳಗೆಳೆದುಕೊಂಡು ಸುಟ್ಟ ವಾಸನೆ ಹೊಡೆಯುತ್ತದೆ.

ಕಡಿಮೆ ಕರೆಂಟಿಗೆ ಹೆಚ್ಚು ಬಿಸಿ ಎಂಬ ಜಾಹೀರಾತಿಗೆ ಮರುಳಾಗಬೇಡಿ. ಕಾಯಿಲ್ ಇರುವ ಯಾವ ಹೀಟರಾದರೂ 2,000 ವ್ಯಾಟ್ ತಿಂದು 2,000 ವ್ಯಾಟ್ ಬಿಸಿಯನ್ನೇ ಕೊಡುವುದು. ಸ್ಪ್ಲಿಟ್ ಎಸಿ ಮಾತ್ರ ಹೊರಗಿನ ಗಾಳಿಯಿಂದ ಬಿಸಿ ಎಳೆದು ತರುವುದರಿಂದ, ಸಾಧಾರಣ ಚಳಿಯಲ್ಲಿ 1 ಯೂನಿಟ್‌ಗೆ 3 ಯೂನಿಟ್‌ನಷ್ಟು ಬಿಸಿ ಕೊಡುತ್ತದೆ. ಬೇಸಿಗೆಯಲ್ಲಿ ತಂಪಿಗೂ ಅದೇ ಆಯಿತು. ಫಿಲ್ಟರ್ ಮಾತ್ರ ಮೇಲಿಂದ ಮೇಲೆ ತೊಳೆಯಬೇಕು.

ನನ್ನ ಕಣ್ಣಿಗೆ ಹೆಚ್ಚಾಗಿ ಬೀಳುವುದು ಹೀಟರಿನ ದೋಷವಲ್ಲ, ಪ್ಲಗ್ಗಿನದು. 230 ವೋಲ್ಟಿನಲ್ಲಿ 2,000 ವ್ಯಾಟ್ ಎಂದರೆ ಸುಮಾರು 9 ಆಂಪಿಯರ್, ಅದೂ ಗಂಟೆಗಟ್ಟಲೆ. ಮನೆಯೊಳಗಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಓಡಿಸಿದರೆ ಸಾಕೆಟ್ಟಿನ ತೂತುಗಳ ಸುತ್ತ ಕಂದು ಬಣ್ಣ ತಿರುಗುತ್ತದೆ, ಪಿನ್ನಿನ ಬುಡದ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಈಗಿರುವ ಹೀಟರನ್ನು ಅರ್ಧ ಗಂಟೆ ಓಡಿಸಿ, ಸ್ವಿಚ್ ಆಫ್ ಮಾಡಿ, ಪ್ಲಗ್ಗಿನ ಮೈ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಆ ಪಾಯಿಂಟ್ ಬಳಸುವುದನ್ನು ಅವತ್ತೇ ನಿಲ್ಲಿಸಿ. ಹೊಸ ಹೀಟರಿಗೆ ಮೇನ್ ಬೋರ್ಡಿನಿಂದ ಬೇರೆ ಎಂಸಿಬಿ (ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್), ಕನಿಷ್ಠ 2.5 ಚದರ ಮಿ.ಮೀ. ತಾಮ್ರದ ವೈರ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಮಳೆ ನೀರು ಒಳಬರುವ ಕಾಂಕ್ರೀಟ್ ನೆಲದ ಮೇಲೆ ನಿಂತು ಕೆಲಸ ಮಾಡುವವರಿಗೆ ಈ ಕೊನೆಯದು ಜೀವ ಉಳಿಸುವ ವಸ್ತು. ಹೀಟರ್ ನೀರು ಸಿಡಿದರೆ ತಡೆಯುವ ಐಪಿಎಕ್ಸ್4 ದರ್ಜೆಯದಾಗಿರಲಿ; ಎದುರಿಗೆ 1 ಮೀಟರ್ ಏನೂ ಇಡಬೇಡಿ.

ಕರೆಂಟ್ ಹೀಟರ್ ಹಾಕಿಸಿದರೂ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಒಂದನ್ನು ತನ್ನಿ, ಏಕೆಂದರೆ ಕಾರಿನ ಇಂಜಿನ್ನೇ ಅದನ್ನು ಉಗುಳುತ್ತದೆ. ಶಟರ್ ಪೂರ್ತಿ ಎತ್ತಿದ ಮೇಲೇ ಸ್ಟಾರ್ಟ್ ಮಾಡಿ, ಮಾಡಿದ ಕೂಡಲೇ ಹೊರಗೆ ತೆಗೆಯಿರಿ. ಶೆಡ್ಡಿಗೂ ಮನೆಗೂ ನಡುವೆ ಬಾಗಿಲಿದ್ದರೆ ಆ ಬಾಗಿಲಿನ ಒಳಬದಿಯ ಕೋಣೆಗೂ ಒಂದು ಅಲಾರ್ಮ್ ಬೇಕು.