ರೌಂಡ್ಸ್‌ನಲ್ಲಿ ಬಾಯಿಗೆ ಬೀಗ ಬೀಳುತ್ತದೆ

ನನಗೆ 33. ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಒಂಬತ್ತು ವರ್ಷದಿಂದ ಡಯಟಿಷಿಯನ್. ಹೋದ ವರ್ಷ ಚೀಫ್ ಮಾಡಿದರು, ಕೈಕೆಳಗೆ ಮೂವರು ಹುಡುಗಿಯರು. ಅವರು ಬರೆದ ರೋಗಿಗಳ ಊಟದ ಚಾರ್ಟ್ ಸರಿ ಇರುವುದಿಲ್ಲ, ರಾತ್ರಿ ಎಂಟರವರೆಗೂ ಕೂತು ನಾನೇ ತಿದ್ದುತ್ತೇನೆ. ವಾರ್ಡಿಗೆ ರೌಂಡ್ಸ್ ಬರುವ ಡಾಕ್ಟರ ಮುಂದೆ ಮಾತೇ ಹೊರಡುವುದಿಲ್ಲ. ಕಳೆದ ತಿಂಗಳು ಜಗಳೂರು ಕಡೆಯ ಅಜ್ಜರೊಬ್ಬರು ಕರುಳಿನ ಆಪರೇಷನ್ ಆಗಿ ವಾರವಿಡೀ ಗಂಜಿನೀರಿನಲ್ಲೇ ಇದ್ದರು. 58 ಕೆ.ಜಿ. ಇದ್ದವರು 54ಕ್ಕೆ ಇಳಿದರು. ನನಗೆ ಗೊತ್ತಿತ್ತು, ಹೇಳಲಿಲ್ಲ. ‘ಇವರಿಗೆ ಎದ್ದು ನಿಲ್ಲೋಕೂ ತ್ರಾಣ ಇಲ್ಲ’ ಎಂದು ಕೊನೆಗೆ ಹೇಳಿದ್ದು ಫಿಸಿಯೋಥೆರಪಿಸ್ಟ್. ನಾಯಕತ್ವ ನನ್ನ ಜಾಯಮಾನವಲ್ಲ ಅನಿಸುತ್ತಿದೆ. ಕೆಲಸ ಬಿಟ್ಟು ವೇಟ್‌ಲಾಸ್ ಕ್ಲಿನಿಕ್ ಹಾಕಲೇ?
– ಹೆಸರು ಬೇಡ, ದಾವಣಗೆರೆ

ಕ್ಲಿನಿಕ್ ಆಮೇಲೆ ನೋಡೋಣ. ಬೆಣ್ಣೆದೋಸೆಯ ಊರಿನಲ್ಲಿ ಗಿರಾಕಿಗಳಿಗೇನೂ ಬರವಿಲ್ಲ, ಅದು ಎಲ್ಲಿಗೂ ಓಡಿಹೋಗುವುದಿಲ್ಲ.

ನಿಮ್ಮ ಪತ್ರ ಎರಡು ಸಲ ಓದಿದೆ. ಎರಡನೇ ಸಲ ಕಣ್ಣು ನಿಂತದ್ದು ‘ನಾನೇ ತಿದ್ದುತ್ತೇನೆ’ ಎಂಬಲ್ಲಿ. ಡಾಕ್ಟರು ನಿಮ್ಮನ್ನು ಕೇಳದೆ ಮುಂದೆ ಹೋಗುತ್ತಾರೆ, ನೀವು ಆ ಮೂವರನ್ನು ಕೇಳದೆ ಮುಂದೆ ಹೋಗುತ್ತೀರಿ. ಬೇಜಾರಾಗಬೇಡಿ, ಕೆಲಸ ಚೆನ್ನಾಗಿ ಬಲ್ಲವರೇ ಹೆಚ್ಚಾಗಿ ಹೀಗೆ ಮಾಡುತ್ತಾರೆ. ಆದರೆ ಬೆಳಿಗ್ಗೆ ಬಂದು ತನ್ನ ಚಾರ್ಟೇ ಬದಲಾಗಿದ್ದನ್ನು ನೋಡಿದ ಹುಡುಗಿ ನಾಳೆಯಿಂದ ಯಾಕೆ ತಲೆ ಕೆಡಿಸಿಕೊಂಡಾಳು? ತಿದ್ದುವ ಪೆನ್ನು ಕೆಳಗಿಡಿ. ‘ಈ ಸಕ್ಕರೆ ಕಾಯಿಲೆಯವರಿಗೆ ಸಂಜೆ ಏನೂ ಇಲ್ಲವಲ್ಲ, ಯಾಕೆ?’ ಎಂದು ಕೇಳಿ. ಅವಳೇ ತಿದ್ದಲಿ. ಮೊದಮೊದಲು ಎಂಟರ ಬದಲು ಒಂಬತ್ತಾಗುತ್ತದೆ, ಆಗಲಿ.

ಈಗ ರೌಂಡ್ಸ್. ನಿಮಗೆ ಗಟ್ಟಿ ದನಿ ಬೇಕಿಲ್ಲ, ಅಂಕಿ ಬೇಕು, ಅದು ಆಗಲೇ ನಿಮ್ಮ ಹತ್ತಿರವಿತ್ತು. ಒಂದು ಬಟ್ಟಲು ತಿಳಿಗಂಜಿಯಲ್ಲಿ ಪ್ರೋಟೀನ್ ಎರಡು ಮೂರು ಗ್ರಾಂ ಇದ್ದರೆ ಹೆಚ್ಚು. ಆಪರೇಷನ್ ಆದವರಿಗೆ ಕೆ.ಜಿ. ತೂಕಕ್ಕೆ 1.2ರಿಂದ 1.5 ಗ್ರಾಂ ಎಂದರೆ ಆ ಅಜ್ಜರಿಗೆ ದಿನಕ್ಕೆ 70 ಗ್ರಾಂ ಆದರೂ ಬೇಕು. ಅದನ್ನು ಗಂಜಿಯಿಂದಲೇ ತುಂಬಿಸಲು ಹೊರಟರೆ ಪಾಪ, ಅವರು ಕೊಡಗಟ್ಟಲೆ ಕುಡಿಯಬೇಕು! ಇನ್ನೊಂದು ವಿಷಯ ನಿಮಗೆ ಗೊತ್ತು, ಫಿಸಿಯೋಥೆರಪಿಸ್ಟ್‌ಗೆ ಗೊತ್ತಿರಲಿಕ್ಕಿಲ್ಲ: ಅಷ್ಟು ದಿನ ಹೊಟ್ಟೆಗಿಲ್ಲದವರಿಗೆ ಒಮ್ಮೆಲೇ ಸುರಿಯುವಂತಿಲ್ಲ. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯಕ್ಕೇ ಕುತ್ತು ಬರಬಹುದು. ‘ಶಕ್ತಿ ಇಲ್ಲ’ ಎಂದು ಯಾರು ಬೇಕಾದರೂ ಹೇಳಬಹುದು. ಎಷ್ಟು, ಯಾವ ವೇಗದಲ್ಲಿ ಎಂದು ಹೇಳಬೇಕಾದವರು ನೀವು.

ಹಾಗಾಗಿ ಹಿಂದಿನ ರಾತ್ರಿಯೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ‘ಸರ್, 14ನೇ ಬೆಡ್. ವಾರದಿಂದ ಗಂಜಿ ಮಾತ್ರ. 58 ಇದ್ದ ತೂಕ 54. ಇವತ್ತು ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಷಿಯಂ ನೋಡಿಕೊಂಡು ನಿಧಾನಕ್ಕೆ ಫೀಡ್ ಶುರು ಮಾಡೋಣವಾ?’ ಇಪ್ಪತ್ತು ಸೆಕೆಂಡೂ ಬೇಡ. ಕೊನೆಗೆ ಪ್ರಶ್ನೆ ಇಡಿ, ಡಾಕ್ಟರು ಹೂಂ ಅಥವಾ ಊಹೂಂ ಅನ್ನಲೇಬೇಕಾಗುತ್ತದೆ. ಊಹೂಂ ಅಂದರೆ ಕಾರಣ ಕೇಳಿ, ಕೇಸ್‌ಶೀಟಿನಲ್ಲಿ ಬರೆಯಿರಿ. ದಿನಕ್ಕೆ ಒಬ್ಬ ರೋಗಿ ಸಾಕು. ಹಾಂ, ಡಾಕ್ಟರಿಗಿಂತ ಮೊದಲು ವಾರ್ಡಿನ ಸಿಸ್ಟರನ್ನು ಕೇಳಿ. ಯಾರ ತಟ್ಟೆ ಹಾಗೇ ವಾಪಸ್ ಬಂತು, ಯಾರ ದಿಂಬಿನ ಕೆಳಗೆ ಮಂಡಕ್ಕಿ ಪೊಟ್ಟಣ ಇದೆ ಎನ್ನುವುದು ಅವರಿಗೆ ಗೊತ್ತಿರುತ್ತದೆ.

ಅಲೈಡ್ ಹೆಲ್ತ್ ವೃತ್ತಿಪರರ (ಡಾಕ್ಟರು, ನರ್ಸುಗಳಲ್ಲದ ಇತರ ಆರೋಗ್ಯ ಪರಿಣತರ) 2021ರ ಕೇಂದ್ರ ಕಾಯ್ದೆ ಡಯಟಿಷಿಯನ್ನರನ್ನೂ ಪಟ್ಟಿಯಲ್ಲಿ ಸೇರಿಸಿದೆ. ಒಳ್ಳೆಯದೇ. ಆದರೆ ಬೆಡ್ಡಿನ ಪಕ್ಕ ನಿಮಗೆ ಜಾಗ ಬಿಡಿಸಿಕೊಡಲು ಕಾಯ್ದೆ ಬರುವುದಿಲ್ಲ. ಇಷ್ಟು ಮಾಡಿ ನೋಡಿದ ಮೇಲೂ ಅಲ್ಲಿ ಕೇಳುವ ಕಿವಿಯೇ ಇಲ್ಲದಿದ್ದರೆ ಬೇರೆ ಆಸ್ಪತ್ರೆ ನೋಡಿ, ನಾನು ತಡೆಯುವುದಿಲ್ಲ. ಹೆದರಿ ಮಾತ್ರ ಬಿಡಬೇಡಿ.

ಆ ಅಜ್ಜರ ಫೋನ್ ನಂಬರ್ ಫೈಲಿನಲ್ಲಿ ಇದ್ದೀತು. ನಾಳೆ ಮಧ್ಯಾಹ್ನ ಒಂದು ಕರೆ ಮಾಡಿ, ರೊಟ್ಟಿ ಉಣ್ಣುವಂತಾದರಾ, ಮೊಟ್ಟೆ ತಿನ್ನುತ್ತಾರಾ, ತೂಕ ನೋಡಿಸಿದರಾ ಕೇಳಿ. ಪಕ್ಕದಲ್ಲಿ ಜೂನಿಯರ್ ಒಬ್ಬಳನ್ನು ಕೂರಿಸಿಕೊಳ್ಳಿ. ಮಾತಾಡುವುದು ಅವಳೇ ಆದರೆ ಇನ್ನೂ ಒಳ್ಳೆಯದು.