ಕಾಮಾಕುರಾ ಕ್ರಾಸಿಂಗ್‌ಗೆ ಏಪ್ರಿಲ್ 29ಕ್ಕೆ ಬೇಡ, 0.5 ಎಕ್ಸ್ ಅಂತೂ ಬೇಡವೇ ಬೇಡ

ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸಿನಿಮಾ-ಸರಣಿಗಳ ಸೀನ್ ಇರುವ ನಿಜವಾದ ಜಾಗಕ್ಕೆ ಹೋಗಿ ಅದೇ ಫ್ರೇಮ್ ತೆಗೆಯುವ ನಿಮ್ಮ ಜಪಾನ್ ಪ್ಲಾನ್ ಓದಿದೆ. ಏಪ್ರಿಲ್ 29ರ ಮಧ್ಯಾಹ್ನ ಟೋಕಿಯೊ ಹತ್ತಿರದ ಕಡಲ ಊರು ಕಾಮಾಕುರಾದಲ್ಲಿ ಸ್ಲಾಮ್ ಡಂಕ್ ಸರಣಿಯ ರೈಲ್ವೆ ಕ್ರಾಸಿಂಗ್, ಸಂಜೆ ಟೋಕಿಯೊದ ಯೊತ್ಸುಯಾದಲ್ಲಿ ಯುವರ್ ನೇಮ್ ಸಿನಿಮಾದ ಮೆಟ್ಟಿಲು, ಎಲ್ಲಾ ಶಾಟ್ ಫೋನಿನ 0.5 ಎಕ್ಸ್, ಅಂದರೆ ವೈಡ್ ಲೆನ್ಸ್‌ನಲ್ಲಿ. ನಾನೂ ಮೊದಲ ಸಲ ವೈಡ್ ನಂಬಿಕೊಂಡೇ ಹೋಗಿದ್ದೆ, ಒಂದು ಫ್ರೇಮೂ ಹೊಂದಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ತಾರೀಖು ಬದಲಾಯಿಸಿ. 29ಕ್ಕೆ ಗೋಲ್ಡನ್ ವೀಕ್, ಅಂದರೆ ಜಪಾನಿನ ಸಾಲು ರಜೆ ಶುರು. ಆ ಕ್ರಾಸಿಂಗ್‌ನಲ್ಲಿ ಹಾಯುವ ಎನೊಡೆನ್ ಅಂದರೆ ಪುಟ್ಟ ಸಿಂಗಲ್ ಟ್ರ್ಯಾಕ್ ರೈಲು, ಇಡೀ ಲೈನ್ 10 ಕಿ.ಮೀ. ಅಷ್ಟೇ. ಆ ರಜೆಯಲ್ಲಿ ಊರಿನವರಿಗೇ ಹತ್ತಲು ಆಗದೆ, ಕಾಮಾಕುರಾ ಸ್ಟೇಷನ್‌ನಲ್ಲಿ ಅವರನ್ನು ಮೊದಲು ಒಳಗೆ ಬಿಡುವ ಪ್ರಯೋಗವನ್ನೂ ಮಾಡಿದ್ದಾರೆ. ವಾರದ ದಿನ, ಬೆಳಿಗ್ಗೆ ಬೇಗ ಹೋಗಿ. ಟೋಕಿಯೊದ ಶಿಂಜುಕುವಿನಿಂದ ಒದಾಕ್ಯು ಕಂಪನಿಯ ರೈಲು ಹಿಡಿದು, ಎನೊಡೆನ್‌ನ ಇನ್ನೊಂದು ತುದಿ ಫುಜಿಸಾವಾ ಕಡೆಯಿಂದ ಬನ್ನಿ. ಕ್ರಾಸಿಂಗ್‌ನಲ್ಲಿ ನೀವು ನೋಡುವುದು ದಕ್ಷಿಣಕ್ಕೆ, ಸಮುದ್ರದ ಕಡೆಗೆ. ಮಧ್ಯಾಹ್ನ ಬಿಸಿಲು ಎದುರಿನಿಂದ ಬಂದು ರೈಲಿನ ಈ ಮಗ್ಗುಲು ಕಪ್ಪಾಗುತ್ತದೆ. ಬೆಳಿಗ್ಗೆ ಬೆಳಕು ಎಡಗಡೆಯಿಂದ ಬೀಳುತ್ತದೆ.

ಈಗ ಫ್ರೇಮ್. ಸೀನ್‌ನ ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿಸಿಕೊಳ್ಳಿ. ಫೋನ್‌ನಲ್ಲೇ ನೋಡಿ ಫೋನ್‌ನಲ್ಲೇ ತೆಗೆಯುವುದು ಬರೀ ತಲೆನೋವು. ಚಿತ್ರದಲ್ಲಿ ಹತ್ತಿರದ್ದು ಒಂದು, ದೂರದ್ದು ಒಂದು ಆರಿಸಿಕೊಳ್ಳಿ. ಇಲ್ಲಿ ಹಳದಿ-ಕಪ್ಪು ಪಟ್ಟೆಯ ಗೇಟಿನ ಕಂಬ ಹತ್ತಿರದ್ದು, ರೈಲು ದೂರದ್ದು. ನಿಮ್ಮ ಫೋಟೋದಲ್ಲಿ ಕಂಬದ ಪಕ್ಕ ರೈಲು ತೀರಾ ಚಿಕ್ಕದಾಗಿ ಕಂಡರೆ ನೀವು ಜಾಸ್ತಿ ಹತ್ತಿರ ನಿಂತಿದ್ದೀರಿ. ಮೊದಲು ಹಿಂದೆ ಸರಿಯಿರಿ, ಆಮೇಲೆ ಜೂಮ್ ಮಾಡಿ. ನಿಂತಲ್ಲೇ ಜೂಮ್ ಮಾಡಿದರೆ ಎರಡೂ ಒಟ್ಟಿಗೆ ದೊಡ್ಡದಾಗುತ್ತವೆ, ಹೊಂದಾಣಿಕೆ ಹಾಗೇ ಕೆಟ್ಟಿರುತ್ತದೆ. ಎತ್ತರಕ್ಕೆ ಸಮುದ್ರದ ಗೆರೆ ನೋಡಿ. ಆ ಗೆರೆ ಯಾವಾಗಲೂ ಕ್ಯಾಮೆರಾ ಇರುವ ಮಟ್ಟದಲ್ಲೇ ಇರುತ್ತದೆ. ಸೀನ್‌ನಲ್ಲಿ ಅದು ಕಂಬವನ್ನು ಕೆಳಗೆ ಕತ್ತರಿಸುತ್ತಿದ್ದು, ನಿಮ್ಮದರಲ್ಲಿ ಮೇಲಿದ್ದರೆ ಕೂತು ತೆಗೆಯಿರಿ. ಇಷ್ಟು ಮಾಡಿಯೂ ನೂರಕ್ಕೆ ನೂರು ಹೊಂದುವುದಿಲ್ಲ, ಚಿತ್ರ ಬರೆಯುವವರು ಹಿನ್ನೆಲೆಯನ್ನು ತಿದ್ದಿರುತ್ತಾರೆ. ಅಷ್ಟಕ್ಕೆ ಬೇಜಾರಾಗಬೇಡಿ.

ಗೋಪ್ರೋ ಮನೆಯಲ್ಲೇ ಬಿಡಿ, ಅದೂ ವೈಡ್, ಈ ಕೆಲಸಕ್ಕೆ ದಂಡ. ಫೋನ್ ಆದರೆ 2 ಎಕ್ಸ್ ಅಥವಾ 3 ಎಕ್ಸ್. ಕ್ಯಾಮೆರಾ ಇದ್ದರೆ ಕ್ಯಾನನ್‌ನ ಆ ಅಗ್ಗದ 50 ಎಂಎಂ ಲೆನ್ಸ್ ಸಾಕು.

ಒಂದು ಮಾತು ಖಾರವಾಗಿಯೇ ಹೇಳುತ್ತೇನೆ. ನೀವು ಮಾದರಿಗೆ ಹಾಕಿದ ಫೋಟೋದಲ್ಲಿ ಹುಡುಗ ರಸ್ತೆ ನಡುವೆ ನಿಂತಿದ್ದಾನೆ. ಹಾಗೆ ಮಾಡಲೇಬೇಡಿ. ಅದು ಕಾರು, ಬೈಕು ಓಡಾಡುವ ರಸ್ತೆ, ಸುತ್ತ ಮನೆಗಳಿವೆ, ಪಕ್ಕದಲ್ಲೇ ಹೈಸ್ಕೂಲ್ ಇದೆ. ಕಾವಲಿನವರು ಕೂಗಿ ಕೂಗಿ ಸುಸ್ತಾಗಿರುತ್ತಾರೆ. ಯುವರ್ ನೇಮ್‌ನ ಆ ಮೆಟ್ಟಿಲು, ಅಂದರೆ ಸುಗಾ ದೇವಸ್ಥಾನದ ಕೆಂಪು ಕಂಬಿಯ ಮೆಟ್ಟಿಲೂ ಅಷ್ಟೇ, ಮನೆಗಳ ಮಧ್ಯೆ ಇದೆ. ಯಾರಾದರೂ ತರಕಾರಿ ಚೀಲ ಹಿಡಿದು ಹತ್ತುತ್ತಿದ್ದರೆ ಕ್ಯಾಮೆರಾ ಇಳಿಸಿ ದಾರಿ ಬಿಡಿ. ಟ್ರೈಪಾಡ್ ಬೇಡ.

ಪಟ್ಟಿಯಲ್ಲಿ ವೆದರಿಂಗ್ ವಿತ್ ಯೂ ಸಿನಿಮಾದ ಕಟ್ಟಡ ಅಂತ ಟೋಕಿಯೊದ ಯೊಯೊಗಿ ಬರೆದಿದ್ದೀರಿ. ಅದು ಈಗ ಇಲ್ಲ, 2019ರಲ್ಲಿ ಸಿನಿಮಾ ಬಂದ ಬೆನ್ನಲ್ಲೇ ಕೆಡವಿದರು. ಹಳೆಯ ಬ್ಲಾಗ್ ನಂಬಬೇಡಿ, ಹೊರಡುವ ಮೊದಲು ಸ್ಟ್ರೀಟ್ ವ್ಯೂನಲ್ಲಿ ತಾರೀಖು ನೋಡಿ. ಯುವರ್ ನೇಮ್‌ನಲ್ಲೇ ಬರುವ ಹಿದಾ ಫುರುಕಾವಾ ಊರಿನ ಸ್ಟೇಷನ್ ಮೇಲ್ಸೇತುವೆಯಿಂದ ಕಾಣುವ ಆ ಎಕ್ಸ್‌ಪ್ರೆಸ್ ರೈಲೂ 2023ರಲ್ಲಿ ಬದಲಾಗಿದೆ, ಈಗ ಹೈಬ್ರಿಡ್ ರೈಲು ಓಡುತ್ತದೆ. ಆದರೂ ಹೋಗಿ, ಊರು ತುಂಬಾ ಚೆನ್ನಾಗಿದೆ. ಅಲ್ಲಿನ ಲೈಬ್ರರಿಯಲ್ಲಿ ಮೊದಲು ಕೌಂಟರ್‌ನಲ್ಲಿ ಕೇಳಿ, ಓದುತ್ತಾ ಕೂತವರ ಮುಖ ಬರದ ಹಾಗೆ ತೆಗೆಯಿರಿ.

ಇಷ್ಟಕ್ಕೆಲ್ಲಾ ಜೆಆರ್ ಪಾಸ್, ಅಂದರೆ ಜೆಆರ್ ಕಂಪನಿಯ ರೈಲುಗಳಿಗೆ ಪ್ರವಾಸಿಗರು ಕೊಳ್ಳುವ ಪಾಸ್ ಕೊಳ್ಳಬೇಡಿ. 2023ರ ಅಕ್ಟೋಬರ್‌ನಲ್ಲಿ 7 ದಿನದ ಪಾಸ್ 29,650 ಯೆನ್‌ನಿಂದ 50,000ಕ್ಕೆ ಏರಿತು. ನಿಮ್ಮ ರೂಟಿಗೆ ಬಿಡಿ ಟಿಕೆಟ್ಟೇ ಲಾಭ, ಎನೊಡೆನ್‌ನಲ್ಲೂ ಒದಾಕ್ಯುನಲ್ಲೂ ಆ ಪಾಸ್ ನಡೆಯುವುದೇ ಇಲ್ಲ.

ಗಾರ್ಡನ್ ಆಫ್ ವರ್ಡ್ಸ್ ಸಿನಿಮಾ ಇಷ್ಟ ಅಂದಿರಲ್ವಾ, ಅದರಲ್ಲಿ ಬರುವ ಪಾರ್ಕ್ ಶಿಂಜುಕು ಗ್ಯೊಎನ್ ಸಾಮಾನ್ಯವಾಗಿ ಸೋಮವಾರ ಮುಚ್ಚಿರುತ್ತದೆ. ಸಿನಿಮಾದಲ್ಲಿ ಬಿಯರ್ ಕುಡಿಯುತ್ತಾರೆ ಅಂತ ನೀವು ಒಯ್ಯಬೇಡಿ, ಒಳಗೆ ಮದ್ಯ ನಿಷೇಧ. ಆ ಹಸಿರು ಬೇಕಿದ್ದರೆ ಏಪ್ರಿಲ್ ಬಿಟ್ಟು ಜೂನ್ ಮಳೆಯಲ್ಲಿ ಹೋಗಿ. ಹಾಗೆ ಟ್ರಿಪ್ಪನ್ನೇ ಜೂನ್‌ಗೆ ತಳ್ಳಿದರೆ ಗೋಲ್ಡನ್ ವೀಕ್ ರಗಳೆಯೂ ತಪ್ಪುತ್ತದೆ. ಒಂದು ಒಳ್ಳೆ ಕೊಡೆ, ಲೆನ್ಸ್ ಒರೆಸಲು ಎರಡು ಬಟ್ಟೆ ಇಟ್ಟುಕೊಳ್ಳಿ. ಸಸ್ಯಾಹಾರಿಗಳಾದರೆ ಅನ್ನದ ಉಂಡೆಯನ್ನೂ ಕೇಳಿಯೇ ಕೊಳ್ಳಿ, ಕಡಲಕಳೆಯದ್ದು ಅಂತ ಬರೆದಿದ್ದರೂ ಒಳಗೆ ಮೀನಿನ ಸಾರ ಇರಬಹುದು.